ಬಾಯಿಸಾಬರ ಮಗ್ಗುಲಲ್ಲಿ

ಒಳಗಿನಿಂದ ಬಾಯಿಸಾಬರ ನಗು ಕೇಳಿಸಿದಾಗ ರತ್ನಮಾಲಾ ಬಂಗಲೆಯ ಹೊರಕಟ್ಟೆಯ ಹತ್ತಿರ ಚಪ್ಪಲಿ ಬಿಡುತ್ತಿದ್ದಳು. ಒಂದು ಚಪ್ಪಲಿ ಕಾಲಲ್ಲೇ ಉಳಿಯಿತು. ಬಾಯಿಸಾಬರ ನಗುಗಳನ್ನೆಲ್ಲ ಅವಳು ಬಲ್ಲಳು. ಅಡತಿ ವ್ಯಾಪಾರಿಗಳು ಬಂದಾಗ ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಸಾಯುವುದು ಒಂದು. ಪುಢಾರಿಗಳು ಬಂದಾಗ ಹಲ್ಲು ಕಾಣಿಸಬೇಕೆಂದು ನಗುವುದು ಇನ್ನೊಂದು. ಸೊಸೆಯಂದಿರ ಎದುರು ನಗುವುದೇ ಇಲ್ಲ. ಇದು ಅವು ಯಾವುವೂ ಅಲ್ಲ. ಹೊಟ್ಟೆಯಿಂದ ಎದ್ದು, ನಡುವೆ ಕೆಮ್ಮಿಗೆ ತಿರುಗಿ, ಕೊನೆಗೆ 'ಸಾಕ, ಸಾಕ' ಎಂದು ಕೈ ಬೀಸುವಲ್ಲಿ ಮುಗಿಯುವ ನಗು. ಇದನ್ನು ಎಬ್ಬಿಸುವ ವಿದ್ಯೆ ಇಡೀ ಹುಮನಾಬಾದಿನಲ್ಲಿ ತನ್ನೊಬ್ಬಳದೇ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಈಗ ತಾನು ಹೊರಗೆ ಒಂಟಿಕಾಲಿನಲ್ಲಿ ನಿಂತಿರುವಾಗ ಒಳಗೆ ಆ ನಗು ತನ್ನ ಪಾಡಿಗೆ ತಾನು ನಡೆದಿತ್ತು. ಯಾರು ನಗಿಸಿದರು ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಕಿವಿಗೊಟ್ಟು ನಿಂತಳು. 'ಸಾಕ, ಸಾಕ' ಎಂಬುದೂ ಬಂತು. ಆಮೇಲೆ ಇನ್ನೊಂದು ಚಪ್ಪಲಿ ಬಿಟ್ಟಳು.

ಬಾಯಿಸಾಬ ಎಂದರೆ ಲಲಿತಾಬಾಯಿ. ಗಂಡ ತೀರಿಕೊಂಡ ಮೇಲೆ ತೊಗರಿಬೇಳೆಯ ಗಿರಣಿಯನ್ನು ಭಾವಂದಿರ ಕೈಗೆ ಹೋಗಗೊಡದೆ ತಾವೇ ನಡೆಸಿದವರು. ಊರ ಹೊರಗಿನ ಔಷಧಿ ಕಾರ್ಖಾನೆಯೊಂದಕ್ಕೆ ಸುತ್ತಲ ಹಳ್ಳಿಗಳಿಂದ ಹೆಣ್ಣಾಳುಗಳನ್ನು ಗಾಡಿಯಲ್ಲಿ ಕಳಿಸುವ ಗುತ್ತಿಗೆ ಅವರದು. ತಾವು ಯಾವ ಚುನಾವಣೆಗೂ ನಿಂತವರಲ್ಲ. ನಿಂತವರೆಲ್ಲ ಮೊದಲು ಬಂದು ಅವರ ಕಾಲು ಮುಟ್ಟಿ ಹೋಗುತ್ತಿದ್ದರು. ಬೆಳಿಗ್ಗೆ ಪಡಸಾಲೆಯ ತೂಗುಮಂಚದ ಮೇಲೆ ಅವರು ಕೂತರೆಂದರೆ ಕೆಲಸ ಬೇಕಾದವರು, ಮಗಳಿಗೆ ಹಾಸ್ಟೆಲ್ ಬೇಕಾದವರು, ಗಂಡನನ್ನು ಠಾಣೆಯಿಂದ ಬಿಡಿಸಬೇಕಾದವರು ಗೋಡೆಯುದ್ದಕ್ಕೂ ಕೂರುತ್ತಿದ್ದರು. ಊರಿನವರು ಇದನ್ನು ದರಬಾರು ಎಂದು ತಮಾಷೆ ಮಾಡುತ್ತಿದ್ದರು, ಆದರೆ ಬಂಗಲೆಯ ಗೇಟಿನಿಂದ ಸಾಕಷ್ಟು ದೂರ ಹೋದ ಮೇಲೆ.

ರತ್ನಮಾಲಾ ಒಳಗೆ ಬಂದಾಗ ಗೋಡೆಗೆ ಕೂತವರಲ್ಲಿ ಇಬ್ಬರು ಹೆಂಗಸರು ಎದ್ದು ನಿಂತರು, ಹಿಂದಿನ ರೂಢಿಯಂತೆ. ಉಳಿದವರು ಏಳಲಿಲ್ಲ. ಎದ್ದವರೂ ಉಳಿದವರ ಕಡೆ ನೋಡಿ ಮೆಲ್ಲಗೆ ಕೂತುಬಿಟ್ಟರು. ತೂಗುಮಂಚದ ಬಲತುದಿಯಲ್ಲಿ, ಬಾಯಿಸಾಬರ ಮೊಣಕೈಗೆ ತಾಗುವಷ್ಟು ಹತ್ತಿರ, ಸಪ್ನಾ ಮೊಬೈಲು ಹಿಡಿದು ಅವರಿಗೆ ಏನೋ ತೋರಿಸುತ್ತಿದ್ದಳು. ಕೊಹಿನೂರು ಎಂಬ ಹಳ್ಳಿಯ ಹುಡುಗಿ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದವಳನ್ನು ಬಾಯಿಸಾಬರ ಮೆಸೇಜು ಓದಿ ಹೇಳಲು ಎಂದು ಕರೆದು ತಂದದ್ದು ರತ್ನಮಾಲಾನೇ. ಮಾತಾಡದವಳು, ಕಣ್ಣೆತ್ತದವಳು, ಇವಳಿಂದ ಯಾವ ಕಾಟವೂ ಇಲ್ಲ ಎಂದು ನಾಲ್ಕು ಹುಡುಗಿಯರಲ್ಲಿ ಇವಳನ್ನೇ ಆರಿಸಿದ್ದಳು. ಬಾಯಿಸಾಬರ ಜಾತಿ ಪೈಕಿಯವಳೇ ಎಂಬುದನ್ನು ಆಗ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಾತಾಡದವರು ಸುಮ್ಮನೆ ಇರುವುದಿಲ್ಲ, ಕೇಳಿಸಿಕೊಳ್ಳುತ್ತಿರುತ್ತಾರೆ ಎಂಬುದು ತನಗೆ ಹೊಳೆಯದೇ ಹೋಯಿತಲ್ಲ ಎಂದು ರತ್ನಮಾಲಾ ತನ್ನನ್ನೇ ಬೈದುಕೊಂಡಳು. ತಾನು ಯಾವಾಗಲೂ ಮಾತಾಡುತ್ತಲೇ ಇದ್ದೆ, ಅದಕ್ಕೇ ಇರಬೇಕು. ತೂಗುಮಂಚದ ಎದುರು ಹೋಗಿ ನಿಂತಳು. ಬಾಯಿಸಾಬರು ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ.

"ಸರದು ನಿಲ್ಲು ರತ್ನಮಾಲಾ. ಗಾಳಿ ಬರ್ಲಿ."

ಅವಳು ಸರಿದಳು. ಸರಿದ ಮೇಲೆ ತಲೆಯೆತ್ತಿ ನೋಡಿದಳು. ಫ್ಯಾನು ಇದ್ದದ್ದು ಮಂಚದ ನೇರ ಮೇಲೆ, ಮಾಳಿಗೆಗೆ. ನೆಲದ ಮೇಲೆ ನಿಂತವಳು ಅದಕ್ಕೆ ಹೇಗೆ ಅಡ್ಡವಾಗುತ್ತಾಳೆ? ಗೋಡೆಗೆ ಕೂತವರೂ ಫ್ಯಾನನ್ನು ನೋಡಿದರು ಅನಿಸಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಹೆಸರು. 'ರತ್ನಾ' ಎಂದಿಲ್ಲ, 'ಏ ರತ್ನಿ' ಎಂದಿಲ್ಲ, ಶಾಲೆಯಲ್ಲಿ ಹಾಜರಿ ಕರೆದಂತೆ ಪೂರಾ ರತ್ನಮಾಲಾ. ಮೊದಲ ದಿನ ಅವರು ಹೆಸರು ಕೇಳಿದಾಗ ಹೇಳಿದ್ದು ಇದನ್ನೇ. "ಇಷ್ಟುದ್ದ ಹೆಸರ ಯಾರ ಕರೀಬೇಕವ್ವಾ? ರತ್ನಾ ಸಾಕು" ಎಂದು ಆಗ ಅವರೇ ತುಂಡು ಮಾಡಿ ತಮ್ಮ ಹತ್ತಿರ ಇಟ್ಟುಕೊಂಡಿದ್ದರು. ಈಗ ತುಂಡನ್ನು ಜೋಡಿಸಿ ವಾಪಸು ಕೊಟ್ಟಂತಾಯಿತು.

ಆ ಮೊದಲ ದಿನ ಬಸವಕಲ್ಯಾಣದಲ್ಲಿ ಹೆಂಗಸರ ಸಭೆ ನಡೆದಿತ್ತು. ಬಾಯಿಸಾಬರು ಮುಖ್ಯ ಅತಿಥಿ, ಎಲ್ಲರಿಗೂ ಒಂದೊಂದು ಸೀರೆ. ಹೆಂಗಸರು ಸಾಲಿನಲ್ಲಿ ಬಂದು, ಸೀರೆ ಇಸಿದುಕೊಂಡು, ಬಗ್ಗಿ ನಮಸ್ಕಾರ ಮಾಡಿ ಹೋಗುತ್ತಿದ್ದರು. ಗಂಡ ಬಿಟ್ಟು ಹೋಗಿ, ಕೋಟೆಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದು ಬಟ್ಟೆ ಹೊಲಿಯುತ್ತಿದ್ದ ರತ್ನಮಾಲಾ ತನ್ನ ಸರದಿ ಬಂದಾಗ ಸೀರೆಯ ಸೆರಗನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಇದು ಬಣ್ಣಾ ಬಿಡ್ತದ್ರಿ ಬಾಯಿಸಾಬ. ಹೋದ ವರ್ಷ ನೀವು ಕೊಟ್ಟ ಸೀರಿ ನಂಜೋಡಿ ಹೋಳಿ ಆಡ್ಯಾದ್ರಿ" ಎಂದಳು. ಮೈಕು ಅಲ್ಲೇ ಇತ್ತು. ಸಭೆಯೆಲ್ಲ ಕೇಳಿತು. ಸಂಘಟಕರ ಮುಖ ಬೂದಿಯಾಯಿತು. ಬಾಯಿಸಾಬರು ಮೊದಲು ಅವಳನ್ನು ನೋಡಿದರು, ಆಮೇಲೆ ಸೀರೆ ಖರೀದಿಸಿದ್ದ ತಮ್ಮ ಸೋದರಳಿಯನನ್ನು ನೋಡಿದರು, ಆಮೇಲೆ ನಕ್ಕರು. ಹೊಟ್ಟೆಯಿಂದ. ಕೆಮ್ಮು ಬರುವ ತನಕ. "ಇಷ್ಟು ಮಂದ್ಯಾಗ ಬಾಯಿ ಇದ್ದಾಕಿ ಇಕಿ ಒಬ್ಬಾಕಿ ನೋಡ್ರಿ" ಎಂದರು. ಆ ಸಂಜೆ ಕಾರು ಅವಳ ಓಣಿಗೆ ಬಂತು. ಕಾರು ಒಳಗೆ ಬರಲಾರದಷ್ಟು ಇಕ್ಕಟ್ಟಿನ ಓಣಿ, ಆದ್ದರಿಂದ ಡ್ರೈವರ್ ಅಸದ್ ಇಳಿದು ನಡೆದು ಬಂದು, "ಬಾಯಿಸಾಬ ಯಾದ್ ಮಾಡ್ಯಾರ, ಬರಬೇಕಂತ" ಎಂದ. ಓಣಿಯೆಲ್ಲ ಬಾಗಿಲಿಗೆ ಬಂದು ನೋಡಿತ್ತು.

ಬಂಗಲೆಯಲ್ಲಿ ಬಾಯಿಸಾಬರು ತಮ್ಮ ಪಕ್ಕದಲ್ಲಿ ತೂಗುಮಂಚದ ಮೇಲೆಯೇ ಅವಳನ್ನು ಕೂರಿಸಿಕೊಂಡರು. ಅವಳು ಯಾರ ಪೈಕಿ, ಅವಳ ಹುಟ್ಟೂರು ಮೋರಖಂಡಿಯ ಯಾವ ಕೇರಿಯವಳು ಎಂಬುದು ಆ ಪಡಸಾಲೆಗೆ ಗೊತ್ತಿಲ್ಲದ ಸಂಗತಿಯಲ್ಲ. ಅಡಿಗೆಮನೆಯ ಬಾಗಿಲಿಗೆ ಬಂದ ಸೊಸೆಯರಿಬ್ಬರು ಹಾಗೆಯೇ ನಿಂತುಬಿಟ್ಟರು. ಬಾಯಿಸಾಬರು ಕಾಲಿನಿಂದ ನೆಲ ಒತ್ತಿ ಮಂಚವನ್ನು ತೂಗಿದರು. ರತ್ನಮಾಲಾ ತನ್ನ ಕಾಲನ್ನು ನೆಲದಿಂದ ಎತ್ತಿಕೊಂಡಳು. ತನ್ನನ್ನು ಕೂರಿಸಿದ್ದು ತನಗಾಗಿ ಅಲ್ಲ, ಆ ಸೊಸೆಯರಿಗಾಗಿ, ಗೋಡೆಗೆ ಕೂತ ಭಾವಂದಿರಿಗಾಗಿ ಎಂಬುದು ಅವಳಿಗೆ ಅವತ್ತೇ ತಿಳಿದಿತ್ತು. ತಿಳಿದೂ ಕಾಲು ಕೆಳಗಿಟ್ಟಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಅವಳು ಕಲಿತದ್ದು ಒಂದೇ ವಿದ್ಯೆ, ಬಾಯಿಸಾಬರು ಏನು ಹೇಳಲಿಲ್ಲ ಎಂಬುದನ್ನು ಕೇಳಿಸಿಕೊಳ್ಳುವುದು. ಅವರು ಬಳೆ ಹಿಂದಕ್ಕೆ ಸರಿಸಿದರೆ ಎದುರಿನವನನ್ನು ಎಬ್ಬಿಸಿ ಕಳಿಸಬೇಕು. ಸೆರಗು ಮುಂದೆಳೆದುಕೊಂಡರೆ ಅವನು ಇನ್ನೂ ಗೋಗರೆಯಲಿ ಎಂದು ಬಿಡಬೇಕು. ಬೇಡವಾದವರನ್ನು ಬಾಯಿಸಾಬರ ಬಾಯಿಂದ ಅಲ್ಲ, ತನ್ನ ಬಾಯಿಂದ ಅವಮಾನ ಮಾಡಬೇಕು. ನಗರಸಭೆಯ ಸದಸ್ಯರು ಅವಳಿಗೆ 'ರತ್ನಕ್ಕಾರ' ಎನ್ನತೊಡಗಿದರು. ಯಾವ ಹಳ್ಳಿಯಿಂದ ಯಾವ ಹೆಂಗಸು ಕಾರ್ಖಾನೆಯ ಗಾಡಿ ಹತ್ತಬೇಕು ಎಂಬುದು ಅವಳ ಕೈಯಲ್ಲಿತ್ತು. ತನ್ನ ಕೇರಿಯ ಹೆಂಗಸರನ್ನು ಅವಳು ಇತರರಿಗಿಂತ ಹೆಚ್ಚು ಹೊತ್ತು ಕಾಯಿಸುತ್ತಿದ್ದಳು. ನನ್ನವರೆಂದು ಮಾಡಿದೆ ಅನ್ನಬಾರದಲ್ಲ ಎಂದು ಮನಸ್ಸಿಗೆ ಹೇಳಿಕೊಂಡಿದ್ದಳು. ಅದು ಖರೆ ಅಲ್ಲ. ಕಾಯುವಾಗಿನ ಅವರ ಮುಖ ಅವಳಿಗೆ ರುಚಿಸುತ್ತಿತ್ತು.

ಚಹಾ ಬಂತು. ಅವಳ ಕೈಗೆ ಬಂದದ್ದು ಕಾಗದದ ಕಪ್ಪು. ಇಷ್ಟು ದಿನ ಬಾಯಿಸಾಬರ ಪಿಂಗಾಣಿ ಕಪ್ಪಿನ ಜೊತೆಯದೇ ಇನ್ನೊಂದರಲ್ಲಿ ಬರುತ್ತಿತ್ತು. ಅವಳು ಸುತ್ತ ನೋಡಿದಳು. ಗೋಡೆಗೆ ಕೂತ ಹಲವರ ಕೈಯಲ್ಲಿ ಕಾಗದದ ಕಪ್ಪೇ ಇತ್ತು. ಅಡತಿಯ ಒಬ್ಬನ ಕೈಯಲ್ಲಿ ಸ್ಟೀಲಿನ ಲೋಟ. ಸಪ್ನಾ ಕುಡಿಯುತ್ತಲೇ ಇರಲಿಲ್ಲ. ಹಾಗಾದರೆ ಇದು ಎಲ್ಲರಿಗೂ ಬಂದದ್ದೋ, ತನಗೆ ಬೇಕೆಂದೇ ಕೊಟ್ಟದ್ದೋ? ಪಿಂಗಾಣಿ ಒಡೆದಿರಬಹುದು. ಒಡೆದಿದ್ದರೆ ಸೊಸೆ ಬಂದು ಹೇಳುತ್ತಿದ್ದಳೇ? ಕಪ್ಪಿನ ಅಂಚು ತುಟಿಗೆ ಮೆತ್ತಗಾಗಿ ತಾಗಿತು. ಮೋರಖಂಡಿಯಲ್ಲಿ, ಅವಳು ಚಿಕ್ಕವಳಿದ್ದಾಗ, ಚಹಾದಂಗಡಿಯ ಹಿಂದಿನ ಗೂಡಿನಲ್ಲಿ ಅವಳ ಕೇರಿಯವರಿಗೆಂದೇ ಬೇರೆ ಕಪ್ಪುಬಸಿ ಇರುತ್ತಿತ್ತು. ಅವಳ ಅಪ್ಪ ಅದನ್ನು ಒಂದು ದಿನ ಎತ್ತಿ ಕಲ್ಲಿಗೆ ಹೊಡೆದದ್ದನ್ನು ಕೇರಿಯವರು ಈಗಲೂ ಹೇಳುತ್ತಾರೆ. ಆಗ ಗುರುತು ಖಚಿತವಿತ್ತು, ಒಡೆಯಲು ಒಂದು ವಸ್ತುವಿತ್ತು. ಈ ಕಾಗದವನ್ನು ಏನೆಂದು ಒಡೆಯಬೇಕು? ಅವಳು ಚಹಾ ಪೂರಾ ಕುಡಿದಳು. ಸಕ್ಕರೆ ಸರಿಯಾಗಿತ್ತು, ಅದೂ ಅನುಮಾನ ಹುಟ್ಟಿಸಿತು.

ಬಾಯಿಸಾಬರು ನಿಟ್ಟುಸಿರಿಟ್ಟರು. ಎದುರಿಗೆ ಯಾರೋ ಹಾಸ್ಟೆಲಿನ ವಿಷಯ ಹೇಳುತ್ತಿದ್ದರು. ಆ ನಿಟ್ಟುಸಿರು ಕಿವಿಗೆ ಬಿದ್ದ ಕೂಡಲೇ ರತ್ನಮಾಲಾಳ ಬಾಯಿ ತಾನಾಗಿ ತೆರೆಯಿತು. "ನಾಳೆ ಬಾ ಅಂತ ಹೇಳಿಲ್ಲೇನ ನಿನಗ" ಎಂದು ಆ ಹೆಂಗಸಿನ ಮೇಲೆ ಏರಿಹೋದಳು. ಸಪ್ನಾ ಮೊದಲ ಸಲ ತಲೆಯೆತ್ತಿದಳು. "ಅಕ್ಕಾರ, ಬಾಯಿಸಾಬ ಕೇಳಾಕತ್ತಾರ" ಎಂದಳು, ತುಂಬ ಮರ್ಯಾದೆಯಿಂದ.

ಅಂಥದೇ ನಿಟ್ಟುಸಿರನ್ನು ಬಾಯಿಸಾಬರು ಇಟ್ಟದ್ದು ದ್ರೌಪತಿ ಮೌಶಿಯ ಕಣ್ಣು ಹೋದಾಗ. ರತ್ನಮಾಲಾಳ ತಾಯಿಯ ತಂಗಿ. ತಾಯಿ ಸತ್ತ ಮೇಲೆ ರೊಟ್ಟಿ ಬಡಿದು ಹಾಕಿ ಅವಳನ್ನು ದೊಡ್ಡವಳನ್ನಾಗಿ ಮಾಡಿದವಳು. ಬೇಡಿಕೊಂಡು ಬಂದಳೆಂದು ರತ್ನಮಾಲಾನೇ ಅವಳನ್ನು ಗಾಡಿ ಹತ್ತಿಸಿದ್ದಳು. ಕಾರ್ಖಾನೆಯ ಹಿಂದೆ ಡ್ರಮ್ಮು ತೊಳೆಯುವ ಕೆಲಸ. ಒಂದು ಡ್ರಮ್ಮಿನ ತಳದಲ್ಲಿ ಉಳಿದಿದ್ದದ್ದು ನೀರು ಬಿದ್ದ ಕೂಡಲೇ ಸಿಡಿದು ಎಡಗಣ್ಣಿಗೆ ಬಿತ್ತು. ವಿಚಾರಣೆಗೆಂದು ಬಂದ ಅಧಿಕಾರಿ ಕಾರ್ಖಾನೆಗೆ ಹೋಗುವ ಮೊದಲು ಬಂಗಲೆಗೆ ಬಂದು ಚಹಾ ಕುಡಿಯುತ್ತ ಕೂತಿದ್ದ. ಬಾಯಿಸಾಬರು "ಏನ್ ಮಾಡೂದ ರತ್ನಾ, ಪಾಪ" ಎಂದು ನಿಟ್ಟುಸಿರಿಟ್ಟರು, ಅಷ್ಟೇ. ಬೇರೆ ಒಂದು ಮಾತಿಲ್ಲ. "ಆಕಿ ನಮ್ಮ ಮೌಶಿನ ಆಗಬೇಕ್ರಿ ಸಾಹೇಬ್ರ" ಎಂದಿದ್ದಳು ರತ್ನಮಾಲಾ. "ಮನೀಗಿ ಸುಣ್ಣಾ ಹಚ್ಚೂಮುಂದ ಕಣ್ಣಾಗ ಬಿದ್ದದ. ನಾನs ಕಣ್ಣಾರೆ ನೋಡೇನಿ." ಸ್ವಂತ ಮನೆಯವಳೇ ಹೇಳಿದ ಮೇಲೆ ಅಧಿಕಾರಿಗೆ ಕೇಳಲು ಏನೂ ಉಳಿಯಲಿಲ್ಲ. ಮರುದಿನ ಬಾಯಿಸಾಬರು ಪೂಜೆಯ ಹೂವಿನ ಬುಟ್ಟಿಯನ್ನು ಅವಳ ಕೈಗೆ ಕೊಟ್ಟು, "ತಗೊಂಡು ಒಳಗ ಬಾ" ಎಂದು ದೇವರ ಕೋಣೆಗೆ ಕರೆದರು. ಅದುವರೆಗೆ ಆ ಹೊಸ್ತಿಲು ಅವಳು ದಾಟಿರಲಿಲ್ಲ. ದಾಟಬೇಡ ಎಂದೂ ಯಾರೂ ಹೇಳಿರಲಿಲ್ಲ. ಅವಳ ಖೋಲಿಯಲ್ಲಿ ಇದ್ದದ್ದು ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೊ. ಬೆಳ್ಳಿಯ ದೇವರುಗಳಿಂದ ಅವಳಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ಊದುಬತ್ತಿಯ ಹೊಗೆಯಲ್ಲಿ ಬುಟ್ಟಿ ಹಿಡಿದು ನಿಂತಾಗ ಎದೆ ಉಬ್ಬಿ ಬಂದಿತ್ತು. ಎಲ್ಲರೂ ನೋಡಲಿ ಅನಿಸಿತ್ತು. ಆ ರಾತ್ರಿ ಉಣ್ಣಲು ಕೂತಾಗ, ಎದೆ ಉಬ್ಬಿದ್ದು ನೆನಪಾಗಿ, ಮೌಶಿಯ ಕಣ್ಣಿಗಿಂತ ಅದಕ್ಕೇ ಹೆಚ್ಚು ನಾಚಿಕೆಯಾಗಿತ್ತು.

ಹಾಸ್ಟೆಲಿನ ಹೆಂಗಸು ಹೋದಳು. ರತ್ನಮಾಲಾ ಬಂದ ಕೆಲಸ ಕೇಳಿಯೇಬಿಟ್ಟಳು.

"ಬಾಯಿಸಾಬ, ಮೋರಖಂಡಿ ಗಾಡಿ ಇನ್ಮ್ಯಾಲ ನನ್ನ ಕಡಿ ಇಲ್ಲಂತ ಹೇಳಾಕತ್ತಾರ. ನನಗೊಂದ ಮಾತ ಹೇಳಬಾರದೇನ್ರಿ?"

"ಸಪ್ನಾ ನೋಡ್ತಾಳ ಅದನ್ನ."

"ಸಪ್ನಾಗ ಆ ಹೆಂಗಸ್ರ ಮಾರಿ ಸುದ್ದಾ ಗೊತ್ತಿಲ್ರಿ."

"ಗೊತ್ತಿರಬಾರದು. ಅದಕ್ಕs ಆಕಿ ಕೈಯಾಗ ಕೊಟ್ಟೇನಿ."

ಇಲ್ಲಿಗೆ ನಿಲ್ಲಿಸಬೇಕಿತ್ತು. ಬೇರೆ ಯಾರಾದರೂ ಇಲ್ಲಿಗೆ ನಿಲ್ಲಿಸದಿದ್ದರೆ ಅವರನ್ನು ನಿಲ್ಲಿಸುವ ಕೆಲಸ ಅವಳದೇ ಆಗಿತ್ತು. ಬಾಯಿಸಾಬರು ಬಳೆ ಹಿಂದಕ್ಕೆ ಸರಿಸಿದ್ದನ್ನೂ ಅವಳು ಕಂಡಳು. "ಇಷ್ಟು ವರ್ಷ ನಿಮ್ಮ ಸಲುವಾಗಿ ನಾ ಏನ್ ಮಾಡಿಲ್ರಿ, ಬಾಯಿಸಾಬ? ನಮ್ಮ ಮೌಶಿ ವಿಷಯದಾಗ..." ಎಂದು ಅಂದೇಬಿಟ್ಟಳು. ದನಿ ತನಗೇ ಅಪರಿಚಿತವಾಗಿ, ಗೋಡೆಗೆ ಕೂತವರ ದನಿಯಂತೆ, ಬೇಡುವ ದನಿಯಾಗಿ ಬಂತು.

ತೂಗುಮಂಚ ನಿಂತಿತು.

"ಏನದ ನಿಮ್ಮ ಮೌಶಿ ವಿಷಯ?"

ರತ್ನಮಾಲಾ ಕೈಯಲ್ಲಿದ್ದ ಕಾಗದದ ಕಪ್ಪಿನ ಅಂಚು ಮಡಚಿದಳು.

"ಹೇಳು. ಮಂದಿ ಕೇಳ್ಲಿ. ಸುಣ್ಣಾ ಬಿತ್ತು ಅನ್ನು ಅಂತ ನಾ ನಿನಗ ಹೇಳಿದ್ನೇನು?"

"ಇಲ್ರಿ."

"ಕಣ್ಣಸನ್ನಿ ಮಾಡಿದ್ನೇನು?"

"ಇಲ್ರಿ ಬಾಯಿಸಾಬ."

"ಕೇಳಿದ್ರಿಲ್ಲ?" ಬಾಯಿಸಾಬರು ಗೋಡೆಯ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ಸಾಕಿದ ಮೌಶಿ ಕಣ್ಣಿಗಿ ಯಾರೂ ಹೇಳದs ಸುಣ್ಣಾ ಹಚ್ಚಿದಾಕಿ ಇಕಿ. ನಾಳೆ ನನಗೇನ್ ಹಚ್ತಾಳೋ ಯಾರಿಗ್ಗೊತ್ತು?"

ಅಡತಿಯವನು ನಕ್ಕ. ಅವನು ನಕ್ಕದ್ದರಿಂದ ಇನ್ನಿಬ್ಬರು ನಕ್ಕರು. ಹೀಗೆ ಮೊದಲು ನಗುವವನೊಬ್ಬ ಇರಬೇಕು ಎಂಬುದನ್ನು ಅವರಿಗೆ ಕಲಿಸಿದವಳು ತಾನೇ. ಸಪ್ನಾ ಮಾತ್ರ ನಗಲಿಲ್ಲ, ತಲೆ ತಗ್ಗಿಸಿ ಮೊಬೈಲು ನೋಡಿದಳು. ಅವಳು ನಕ್ಕಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು. ಖಾಲಿ ಕಪ್ಪನ್ನು ಎಲ್ಲಿ ಇಡಬೇಕೆಂದು ತಿಳಿಯದೆ ರತ್ನಮಾಲಾ ಅದನ್ನು ಹಿಡಿದುಕೊಂಡೇ ಹೊರಗೆ ಬಂದಳು. ಅಸದ್ ಗಾಡಿ ಒರೆಸುತ್ತಿದ್ದ. ಅವಳು ಕೇಳಿರಲಿಲ್ಲ, ಆದರೂ ಅವನೇ ಹೇಳಿದ, "ಅಕ್ಕಾ, ಗಾಡಿ ಜರಾ ಸಪ್ನಾ ಮೇಡಂಗ ಬೇಕಾಗ್ಯದಂತ. ಮಾಫ್ ಮಾಡ್ರಿ." ಅವನ ಮಗನಿಗೆ ಅದೇ ಕಾರ್ಖಾನೆಯ ಗೇಟಿನಲ್ಲಿ ಕೆಲಸ ಕೊಡಿಸಿದವಳು ಅವಳು. ಅದನ್ನು ಅವನು ಮರೆತಿರಲಿಲ್ಲ. ಮರೆಯದ್ದರಿಂದಲೇ ಮುಖ ಬೇರೆ ಕಡೆ ಮಾಡಿ ಒರೆಸಿದ ಗಾಜನ್ನೇ ಮತ್ತೆ ಒರೆಸಿದ.

ಬಸ್ ಸ್ಟ್ಯಾಂಡಿಗೆ ಅವಳು ನಡೆದೇ ಹೋದಳು. ಮಾರ್ಕೆಟ್ಟಿನ ಮುಂದೆ ತೊಗರಿಯ ಧೂಳು ಮೂಗಿಗೆ ಹತ್ತಿತು. ತಾನು ಕಾರಿನಲ್ಲಿ ಹೋಗುವಾಗ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಕೈ ಮುಗಿಯುತ್ತಿದ್ದ ಅಂಗಡಿಯವನೊಬ್ಬ ಈಗ ಎಷ್ಟು ಗಮನವಿಟ್ಟು ಫೋನಿನಲ್ಲಿ ಮಾತಾಡುತ್ತಿದ್ದನೆಂದರೆ, ಫೋನಿನ ಆ ತುದಿಯಲ್ಲಿ ಯಾರೂ ಇಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಬಂಗಲೆಯಲ್ಲಿ ನಡೆದದ್ದು ಇವನಿಗೆ ಇಷ್ಟು ಬೇಗ ಹೇಗೆ ತಿಳಿಯಿತು? ಅಥವಾ ಇದು ಮೊದಲೇ ಎಲ್ಲರಿಗೂ ತಿಳಿದು, ತನಗೊಬ್ಬಳಿಗೇ ಕೊನೆಗೆ ತಿಳಿಯಿತೋ? ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೈವೇಯ ಲಾರಿಗಳು ಒಂದರ ಹಿಂದೊಂದು ಅವಳನ್ನು ದಾಟಿ ಹೋದವು. ನಾ ಹೇಳಿದ್ನೇನು, ನಾ ಹೇಳಿದ್ನೇನು ಎಂದು ಬಾಯಿಸಾಬರ ದನಿ ಗಾಲಿಯ ಸದ್ದಿನೊಳಗೆ ಕೂತಿತ್ತು. ಹೇಳಿರಲಿಲ್ಲ, ಖರೆ. ಅವಳನ್ನು ಉರಿಸಿದ್ದು ಅದೇ. ಆ ಹೆಂಗಸು ಎಂದೂ ಏನನ್ನೂ ಹೇಳಿರಲಿಲ್ಲ. ಎಷ್ಟೋ ಮಂದಿಯ ಶಾಪ ತನ್ನ ತಲೆಯ ಮೇಲೆ ಬಿತ್ತು, ಅವರ ಸೆರಗಿಗೆ ಒಂದು ಹನಿ ಸಿಡಿಯಲಿಲ್ಲ. ಅವಳು ಬಸ್ಸಿನಲ್ಲಿ ಕೂತು ಲಲಿತಾಬಾಯಿಗೆ ಬರಬಹುದಾದ ರೋಗಗಳನ್ನು ನೆನೆದಳು. ಆ ಪಡಸಾಲೆಯಲ್ಲಿ ನಾಯಿ ಮಲಗಿದಂತೆ, ತೂಗುಮಂಚದ ಸರಪಳಿ ಹರಿದು ಬಿದ್ದಂತೆ ಕಲ್ಪಿಸಿಕೊಂಡಳು. ಸರಪಳಿ ಹರಿಯುವಾಗ ಬಾಯಿಸಾಬರ ಸೊಂಟಕ್ಕೆ ಪೆಟ್ಟಾದೀತೆಂದು ಕೈ ಮುಂದೆ ಹೋಗಿ, ಎದುರಿನ ಸೀಟಿನ ಕಂಬಿಗೆ ಬಡಿಯಿತು. ಪಕ್ಕದವಳು ತಿರುಗಿ ನೋಡಿದಳು. ಆಗಲೇ ಅವಳಿಗೆ ಮೌಶಿಯ ಯೋಚನೆ ಬಂದದ್ದು. ಕಣ್ಣು ಇನ್ನೂ ಇದೆಯಲ್ಲ, ಕುರುಡಾಗಿ ಇದೆ. ಅದನ್ನು ಹಿಡಿದುಕೊಂಡು ಹೋದರೆ? ಮೊದಲು ಸುಣ್ಣ ಎಂದವಳೇ ಅಲ್ಲ ಎಂದರೆ? ಬಸವಕಲ್ಯಾಣದಲ್ಲಿ ಇಳಿದವಳು ಮನೆಗೆ ಹೋಗದೆ ಮೋರಖಂಡಿಯ ಆಟೋ ಹತ್ತಿದಳು. ಇಡೀ ದಾರಿ ಮನಸ್ಸು ಹಗುರಾಗಿತ್ತು, ಪುಣ್ಯದ ಕೆಲಸಕ್ಕೆ ಹೊರಟವರ ಹಾಗೆ.

ದ್ರೌಪತಿ ಹೊಸ್ತಿಲ ಹೊರಗೆ ಕೂತು ಪುಂಡಿಪಲ್ಯದ ಎಲೆ ಬಿಡಿಸುತ್ತಿದ್ದಳು. ರತ್ನಮಾಲಾ ಹತ್ತಿರ ಹೋಗಿ ನಿಂತರೂ ತಲೆಯೆತ್ತಲಿಲ್ಲ. ತಾನು ನಿಂತದ್ದು ಅವಳ ಎಡಗಡೆ ಎಂದು ತಡವಾಗಿ ಹೊಳೆದು, ರತ್ನಮಾಲಾ ಸುತ್ತಿ ಬಲಗಡೆಗೆ ಬಂದಳು.

"ನಾ ರತ್ನಾ, ಮೌಶಿ."

"ಗೊತ್ತಾತು. ಸೆಂಟಿನ ವಾಸನಿ ಬಂತು."

ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ರತ್ನಮಾಲಾ ಅವಳ ಎದುರು ನೆಲದ ಮೇಲೆಯೇ ಕೂತಳು. ಕಣ್ಣು ಬೆಳ್ಳಗೆ, ಮೊಟ್ಟೆಯ ಸಿಪ್ಪೆಯ ಒಳಮೈಯಂತೆ ಇತ್ತು. ಇಷ್ಟು ಹತ್ತಿರದಿಂದ ಅವಳು ಅದನ್ನು ನೋಡಿರಲಿಲ್ಲ. ಅದರ ಮೇಲೆ ಒಂದು ನೊಣ ಕೂತು ಎದ್ದಿತು. ದ್ರೌಪತಿಯ ರೆಪ್ಪೆ ಅಲುಗಲಿಲ್ಲ.

"ಮೌಶಿ, ನಿನ್ನ ಕಣ್ಣಿನ ಕೇಸ್ ಮತ್ತ ತಗಸೂನು. ಕಾರ್ಖಾನ್ಯಾಗ ಡ್ರಮ್ ತೊಳಿಯೂಮುಂದ ಆಗ್ಯದ ಅಂತ ನಾನs ಬಂದು ಹೇಳ್ತೀನಿ. ಎಲ್ಲಿ ಬೇಕಾದಲ್ಲಿ ಹೇಳ್ತೀನಿ. ಬಾಯಿಸಾಬ್ರ ನೀರ ಇಳಸೂನು."

ದ್ರೌಪತಿ ಒಂದು ದಂಟನ್ನು ಬಿಡಿಸಿ ಮುಗಿಸಿದಳು. "ಇನ್ನಾ ಬಾಯಿಸಾಬ್ರ ಅಂತೀಯಲ್ಲ" ಎಂದಳು. ಆಮೇಲೆ, "ಮುಂಜಾನಿ ಏನಾಗ್ಯದ ಅಲ್ಲಿ?"

"ಏನೂ ಆಗಿಲ್ಲ."

"ಏನೂ ಆಗದs ನೀ ಮೋರಖಂಡಿಗಿ ಬರಾಕಿ ಅಲ್ಲ. ಕಣ್ಣ ಹೋದಾಗ ಬರಲಿಲ್ಲ. ಸರಕಾರಿ ದವಾಖಾನ್ಯಾಗ ಬಿದ್ದಿದ್ದೆ, ಆಗ ಬರಲಿಲ್ಲ. ಓಣ್ಯಾಗಿನ ಮಂದಿ ಬಂದು, ನಿನ್ನ ರತ್ನಾ ಹಿಂಗಂದಾಳಂತ ಅಂದ್ರ ನಾ ಅವರ ಜೋಡಿ ಜಗಳಾ ಆಡೇನಿ. ನಮ್ಮ ಹುಡುಗಿ ಅಂಥಾಕಿ ಅಲ್ಲಂತ." ಅವಳು ಇನ್ನೊಂದು ದಂಟು ತೆಗೆದುಕೊಂಡಳು. "ಒಂದ್ ಕಣ್ಣಿಗಿ ಬೆಣ್ಣಿ, ಒಂದ್ ಕಣ್ಣಿಗಿ ಸುಣ್ಣಾ ಅಂತ ಗಾದಿ ಮಾತ ಕೇಳಿದ್ದೆ. ನೀ ಖರೇನ ಹಚ್ಚಿದಿ."

"ಅದಕ್ಕs ಬಂದೀನಲ್ಲ ಈಗ."

"ಎದಕ್ಕ? ಅವಾಗ ಆಕಿ ಸಲುವಾಗಿ ಹೇಳಿದಿ. ಈಗೂ ಆಕಿ ಸಲುವಾಗೇ ಹೇಳಾಕ ಬಂದಿ. ನಿಮ್ಮಿಬ್ಬರ ನಡುವ ಆಡಾಕ ನನ್ನ ಕಣ್ಣೇನ ಚೆಂಡೇನು? ನಾಳೆ ಆಕಿ ಹು ಅಂತ ಒಂದ್ ಸಲ ಕರದ್ರ, ಕೋರ್ಟ್ ಮೆಟ್ಟಲ ಮ್ಯಾಲ ನನ್ನ ಬಿಟ್ಟು ಓಡ್ತಿ."

ಎಂಥ ಸೊಕ್ಕು ಈ ಮುದುಕಿಗೆ ಎಂದು ರತ್ನಮಾಲಾಳಿಗೆ ಅನಿಸಿತು. ತಾನಾಗಿ ಬಂದು, ನೆಲದ ಮೇಲೆ ಕೂತು, ಕೈಗೆ ಒಂದು ಕತ್ತಿ ಕೊಡುತ್ತಿದ್ದರೆ ಎಲೆ ಬಿಡಿಸುತ್ತ ಕೂತಿದ್ದಾಳೆ. ಕೃತಜ್ಞತೆ ಬೇಡ, ಕನಿಷ್ಠ ಅಳಬಹುದಿತ್ತು. ಅತ್ತಿದ್ದರೆ ತಾನೂ ಅಳುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಬಂಗಲೆಯ ಗೋಡೆಗೆ ಈ ಮುದುಕಿ ಒಮ್ಮೆ ಬಂದು ಕೂತಿದ್ದಳು, ಕೆಲಸ ಬೇಡಲು. ಆವತ್ತು ಅವಳನ್ನು ಇಡೀ ದಿನ ಕೂರಿಸಿ, ಸಂಜೆ ಮಾತಾಡಿಸಿದ್ದು ನೆನಪಾಯಿತು. ಆ ದಿನ ಅವಳು ಒಂದು ಮಾತೂ ಆಡಿರಲಿಲ್ಲ. ಈಗ ಆಡುತ್ತಿದ್ದಾಳೆ. ರತ್ನಮಾಲಾಳ ಬಾಯಿಗೆ ಒಂದು ಕೆಟ್ಟ ಮಾತು ಬಂತು. ಅದನ್ನು ಅವಳು ಆಡಿಯೇಬಿಡುತ್ತಿದ್ದಳು. ಅಷ್ಟರಲ್ಲಿ ಫೋನು ರಿಂಗಾಯಿತು.

ಬಾಯಿಸಾಬರ ನಂಬರು. "ಹೂಂ ಹೇಳ್ರಿ ಬಾಯಿಸಾಬ" ಎಂದಳು. ದನಿ ಜೇನಿನ ಹಾಗೆ ಬಂತು.

"ಅಕ್ಕಾರ, ನಾ ಸಪ್ನಾ. ಬಾಯಿಸಾಬ್ರ ಮೊಣಕಾಲ ಭಾಳ ನೋಯಾಕತ್ತಾವ. ಅವರಿಗಿ ಹಚ್ಚೂ ಎಣ್ಣಿ ಯಾವುದ್ರಿ? ಕಪಾಟಿನ್ಯಾಗ ಎರಡ್ ಮೂರ ಅವ."

ನಿನಗೇ ಗೊತ್ತಿರಬೇಕಲ್ಲ ಎನ್ನಬೇಕಿತ್ತು. ಸೊಸೆಯರನ್ನು ಕೇಳು ಎನ್ನಬೇಕಿತ್ತು. ಫೋನು ಇಟ್ಟುಬಿಡಬೇಕಿತ್ತು. "ಹಸರ ಮುಚ್ಚಳದ್ದು" ಎಂದಳು ರತ್ನಮಾಲಾ. "ಹಂಗs ಹಚ್ಚಬ್ಯಾಡ, ಜರಾ ಕಾಸಬೇಕು. ಭಾಳ ಅಲ್ಲ, ಕೈಗಿ ಬೆಚ್ಚಗ ಹತ್ತೂವಷ್ಟು. ಮೊದಲ ಎಡಗಾಲು. ಚಿಪ್ಪಿನ ಮ್ಯಾಲ ಒತ್ತಬ್ಯಾಡ, ಬಾಜೂಕ ಒತ್ತು, ಹೆಬ್ಬೆರಳಲೆ. ಸಾಕು ಅಂತಾರ ಅವರು, ನೀ ಬಿಡಬ್ಯಾಡ. ಮೂರು ಸಲ ಸಾಕು ಅಂದ ಮ್ಯಾಲ ಬಿಡು. ಮೊದಲನೇದು ಖರೆ ಇರೂದಿಲ್ಲ." ಫೋನಿನ ಹಿಂದೆ ಬಾಯಿಸಾಬರ ದನಿ ಕೇಳಿಸಿತು, ಯಾರ ಜೋಡಿ ಮಾತಾಡಾಕತ್ತಿ ಅಂತ. ಸಪ್ನಾ ಏನು ಹೇಳಿದಳೋ ತಿಳಿಯಲಿಲ್ಲ. "ಆಕೀಗ್ಯಾಕ ಕೇಳಿದಿ?" ಎಂದದ್ದು ಮಾತ್ರ ಸ್ಪಷ್ಟವಾಗಿ ಬಂತು. ಫೋನು ಕಟ್ಟಾಯಿತು. ಹಳೆಯ ಫೋನು, ದನಿ ಹೊರಗೆಲ್ಲ ಕೇಳಿಸುತ್ತಿತ್ತು.

ಆಗ ಅವಳು ತನ್ನ ಬಲಗೈಯನ್ನು ನೋಡಿದಳು. ಹೆಬ್ಬೆರಳು ಗಾಳಿಯಲ್ಲಿ ಇನ್ನೂ ಒತ್ತುತ್ತಲೇ ಇತ್ತು, ಸಣ್ಣ ಸಣ್ಣ ಸುತ್ತು ಸುತ್ತುತ್ತ. ಅದನ್ನು ಮುಷ್ಟಿಯೊಳಗೆ ಹಿಡಿದುಕೊಂಡಳು. ದ್ರೌಪತಿ ಪುಂಡಿಪಲ್ಯ ಬಿಟ್ಟು, ಒಳ್ಳೆಯ ಕಣ್ಣಿನಿಂದ ಅವಳನ್ನು ಕೆಳಗಿನಿಂದ ಮೇಲೆ ನೋಡುತ್ತಿದ್ದಳು. ಕೆಳಗಿನಿಂದ ಯಾಕೆ ಎಂದು ರತ್ನಮಾಲಾಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ತಾನು ಎದ್ದು ನಿಂತಿದ್ದೆ. ಸೆರಗನ್ನು ಹೆಗಲ ತುಂಬ ಹೊದ್ದು, ಕಾಲು ಜೋಡಿಸಿ, ತುಸು ಬಗ್ಗಿ. ಯಾವಾಗ ಎದ್ದೆ ಎಂಬುದು ನೆನಪಿರಲಿಲ್ಲ.

"ಕೂಡು, ರತ್ನಾ" ಎಂದಳು ದ್ರೌಪತಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮರುಕವೂ ಇರಲಿಲ್ಲ. "ಆಕಿ ಇಲ್ಲಿಲ್ಲ."

ರತ್ನಮಾಲಾ ಕೂಡಲು ಹೋದಳು. ಕಾಲು ಬಗ್ಗಲಿಲ್ಲ.